ಇಂಗ್ಲಿಷ್ ಬರುವ ಮಕ್ಕಳಿಗೆ ಶನಿವಾರದ ಜರ್ಮನ್ ಶಾಲೆ ಯಾಕೆ?

ಅಮೆರಿಕದಲ್ಲಿ ಒಂಬತ್ತು ವರ್ಷದಿಂದ ಶನಿವಾರ ಬೆಳಿಗ್ಗೆ ಮಕ್ಕಳಿಗೆ ಜರ್ಮನ್ ಪಾಠ ಹೇಳುತ್ತಿದ್ದೇನೆ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಅಕ್ಷರ ತಿದ್ದಿದ ಭಾಷೆ ಅದು. ಗುರುತಿನವರೆಲ್ಲ ಕೇಳುವುದು ಒಂದೇ: "ಆ ಮಕ್ಕಳಿಗೆ ಇಂಗ್ಲಿಷ್ ಸಲೀಸಾಗಿ ಬರುತ್ತೆ. ಮನೇಲಿ ಅಪ್ಪನೋ ಅಮ್ಮನೋ ಜರ್ಮನ್ ಮಾತಾಡ್ತಾರೆ. ಇನ್ನು ರಜಾ ದಿನ ಹಾಳು ಮಾಡಿ ಶಾಲೆ ಯಾಕೆ?" ಕನ್ನಡದವರು ಕೇಳುವಾಗ ಅವರ ಮಗುವಿನ ಕನ್ನಡ ಕಲಿ ತರಗತಿಯೂ ಮನಸ್ಸಿನಲ್ಲಿರುತ್ತದೆ ಎಂದು ನನಗೆ ಗೊತ್ತು. ಹಾಗಾಗಿ ಸಾವಧಾನವಾಗಿಯೇ ಉತ್ತರಿಸುತ್ತೇನೆ.

ನಮ್ಮ ತರಗತಿಗೆ ಕಥೆ ಓದಲು ಎಂಬತ್ತು ದಾಟಿದ ಅಜ್ಜಿಯೊಬ್ಬರು ಬರುತ್ತಾರೆ. ಮೊದಲ ದಿನ ಹತ್ತು ವರ್ಷದ ಹುಡುಗಿಯೊಬ್ಬಳು ಅವರನ್ನು ಅಚ್ಚ ಜರ್ಮನಿನಲ್ಲಿ, "ನೀನು ಎಲ್ಲಿಂದ ಬಂದೆ?" ಎಂದು ಕೇಳಿಬಿಟ್ಟಳು. ಜರ್ಮನಿನಲ್ಲೂ ನಮ್ಮ ಹಾಗೆಯೇ ನೀನು ಬೇರೆ, ನೀವು ಬೇರೆ: 'ದೂ' ಮತ್ತು 'ಝೀ'. ಬಾಗಿಲಲ್ಲಿ ನಿಂತಿದ್ದ ತಾಯಿಯ ಮುಖ ಕೆಂಪಾಯಿತು. ಆಮೇಲೆ ನನ್ನ ಹತ್ತಿರ ಬಂದು, "ಮನೇಲಿ ಇರೋದು ನಾವಿಬ್ಬರೇ. ನಾನು ಅವಳಿಗೆ ದೂ, ಅವಳು ನನಗೆ ದೂ. ಝೀ ಅನ್ನೋಕೆ ಅವಳಿಗೆ ಯಾರಿದ್ದಾರೆ ಹೇಳಿ" ಅಂದರು.

ಆ ಹುಡುಗಿ ಒರಟಳಲ್ಲ. ಅವಳ ಜರ್ಮನ್ ಅಡುಗೆಮನೆ ಬಿಟ್ಟು ಆಚೆ ಹೋಗಿರಲಿಲ್ಲ, ಅಷ್ಟೆ. ಊಟ, ಸ್ನಾನ, ಗದರಿಕೆ, ಮುದ್ದು, ಇವಿಷ್ಟನ್ನು ಮನೆ ಚೆನ್ನಾಗಿಯೇ ಕಲಿಸುತ್ತದೆ. ಅಂಗಡಿಯವನ ಜೊತೆ ಮಾತು, ಹಿರಿಯರೊಡನೆ ಮಾತು, ಒಪ್ಪದವನ ಜೊತೆ ವಾದ, ಇವಕ್ಕೆ ಬೇರೆ ಜನ ಬೇಕು. ಅಮ್ಮನಲ್ಲದೆ ಇನ್ನೂ ಹದಿನೈದು ಮಕ್ಕಳು ಅದೇ ಭಾಷೆಯಲ್ಲಿ ಜಗಳವಾಡುವುದನ್ನು ಕಂಡಾಗ ಮಗುವಿನ ಕಣ್ಣು ಅರಳುವುದನ್ನು ನಾನು ಎಷ್ಟು ಸಲ ನೋಡಿದ್ದೇನೋ!

ಬರವಣಿಗೆಯ ಕಥೆಯೂ ಇದೇ. ಗಂಟೆಗಟ್ಟಲೆ ಮಾತಾಡುವ ಹುಡುಗ ಊರಿನ ಅಜ್ಜಿಗೆ ಕಾಗದ ಬರೆಯಲು ಕೂತರೆ, ಶಾಲೆ ಎಂಬ ಅರ್ಥದ 'ಶೂಲ'ವನ್ನು ಇಂಗ್ಲಿಷಿನಂತೆ ಎಸ್-ಎಚ್ ಹಾಕಿ ಬರೆಯುತ್ತಾನೆ. ಜರ್ಮನಿನಲ್ಲಿ ಅದಕ್ಕೆ ಎಸ್-ಸಿ-ಎಚ್ ಬೇಕು. ಪ್ರತಿ ನಾಮಪದಕ್ಕೂ ದೊಡ್ಡಕ್ಷರ ಬೇಕು. ಇದು ಕೇಳಿ ಬರುವ ವಿದ್ಯೆಯಲ್ಲ, ತಿದ್ದಿ ತಿದ್ದಿಯೇ ಬರಬೇಕು.

ಹೀಗೆ ಕಲಿಸುವುದು ಇದೇ ದೇಶದಲ್ಲಿ ಅಪರಾಧವಾಗಿತ್ತು. 1840ರಲ್ಲೇ ಸಿನ್ಸಿನಾಟಿಯ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಜೊತೆ ಜರ್ಮನ್ ಪಾಠ ಶುರುವಾಗಿತ್ತು. ಮೊದಲ ಮಹಾಯುದ್ಧದಲ್ಲಿ ಜರ್ಮನಿ ಅಮೆರಿಕದ ಶತ್ರುವಾಗಿ ಎಲ್ಲ ಕೆಟ್ಟಿತು. ಎಂಟನೆಯ ತರಗತಿ ಮುಗಿಸದ ಮಗುವಿಗೆ ಖಾಸಗಿ ಶಾಲೆಯಲ್ಲೂ ಪರಭಾಷೆ ಕಲಿಸಬಾರದೆಂದು ನೆಬ್ರಾಸ್ಕ ರಾಜ್ಯ 1919ರಲ್ಲಿ ಕಾನೂನು ಮಾಡಿತು. 1920ರ ಮೇ ತಿಂಗಳಲ್ಲಿ ರಾಬರ್ಟ್ ಮೇಯರ್ ಎಂಬ ಮೇಷ್ಟ್ರು ಲೂಥರನ್ ಪಂಥದ ಕ್ರೈಸ್ತರ ಶಾಲೆಯೊಂದರಲ್ಲಿ ಹತ್ತು ವರ್ಷದ ಹುಡುಗನಿಗೆ ಬೈಬಲ್ ಕಥೆಯನ್ನು ಜರ್ಮನಿನಲ್ಲಿ ಓದಿಸಿ ಸಿಕ್ಕಿಬಿದ್ದರು. ದಂಡ 25 ಡಾಲರ್. ಅವರು ತಲೆಬಾಗಲಿಲ್ಲ. 1923ರ ಜೂನ್ 4ರಂದು ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಏಳು ನ್ಯಾಯಮೂರ್ತಿಗಳು ಪರ, ಇಬ್ಬರು ವಿರುದ್ಧ. ಅಷ್ಟರಲ್ಲಿ ಎಷ್ಟೋ ಮನೆಗಳು ಹೆದರಿ ಜರ್ಮನ್ ಬಿಟ್ಟಾಗಿತ್ತು. ಕೋರ್ಟು ಹಕ್ಕನ್ನು ಮರಳಿ ಕೊಡಬಹುದು, ಮಾತು ಬಿಟ್ಟ ಮನೆಗೆ ಮಾತು ಮರಳಿಸುವುದು ಯಾರ ಕೈಯಲ್ಲೂ ಇಲ್ಲ. ಶನಿವಾರ ಬೀಗ ತೆಗೆಯುವಾಗ ಆ ಮೇಷ್ಟ್ರು ನನಗೆ ನೆನಪಾಗುತ್ತಾರೆ.

ಲಾಭ ಕೇಳುವವರಿಗೆ ಅದೂ ಇದೆ. ಹಲವು ಶನಿವಾರದ ಶಾಲೆಗಳು ಜರ್ಮನಿ ಸರ್ಕಾರದ ಭಾಷಾ ಡಿಪ್ಲೊಮಾ ಪರೀಕ್ಷೆಗೆ ತಯಾರು ಮಾಡುತ್ತವೆ. ಅದರ ಎರಡನೆಯ ಹಂತ ದಾಟಿದರೆ ಅಲ್ಲಿನ ವಿಶ್ವವಿದ್ಯಾಲಯ ಸೇರಲು ಬೇರೆ ಭಾಷಾ ಪರೀಕ್ಷೆ ಬೇಡ. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುಪಾಲು ಕಡೆ ಬೋಧನಾ ಶುಲ್ಕವಿಲ್ಲ. ಅಮೆರಿಕದ ಕಾಲೇಜು ಸಾಲ ಕಂಡವರಿಗೆ ಇದು ಸಣ್ಣ ಮಾತಲ್ಲ. ಆದರೂ ಮಕ್ಕಳನ್ನು ಕರೆತನ್ನಿ ಎಂದು ನಾನು ಹೇಳುವುದು ಇದಕ್ಕಾಗಿ ಅಲ್ಲ.

ಆ ಹುಡುಗಿಯ ತರಗತಿಯಲ್ಲಿ ಚಳಿಗಾಲ ಪೂರ್ತಿ ಅಂಗಡಿಯಾಟ ಆಡಿಸಿದೆ. ಮೇಜಿನ ಹಿಂದೆ ನಿಂತು, ಕಾಗದದ ನೋಟು ಎಣಿಸುತ್ತಾ, ತನ್ನ ಗೆಳತಿಗೇ 'ಝೀ' ಎಂದು ಗಂಭೀರವಾಗಿ ಹೇಳಿ ಅಭ್ಯಾಸ ಮಾಡಿದಳು. ಮಾರ್ಚಿನಲ್ಲಿ ಅಜ್ಜಿ ಮತ್ತೆ ಬಂದಾಗ ಓಡಿಹೋಗಿ ಕುರ್ಚಿ ಎಳೆದು, "ನೀವು ಇಲ್ಲಿ ಕೂತ್ಕೋತೀರಾ?" ಎಂದಳು. ಜರ್ಮನರಲ್ಲಿ 'ದೂ' ಅನ್ನಲು ಹಿರಿಯರೇ ಅಪ್ಪಣೆ ಕೊಡಬೇಕು. ಅಜ್ಜಿ ಅವಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡು, "ನನಗೆ ನೀನು ದೂ ಅನ್ನಬಹುದು ಕಣೆ" ಅಂದರು.