ಜೋಡಿ ಸ್ತಂಭಗಳ ನಡುವಿನ ಅಂತರ

ಸಮಾಜ ವಿಜ್ಞಾನ ಶಿಕ್ಷಕರ ತರಬೇತಿಯೊಂದಕ್ಕಾಗಿ 2011ರ ಜನಗಣತಿಯ ಸಾಕ್ಷರತೆಯ ಅಂಕಿಗಳನ್ನು ಸ್ತಂಭಾಲೇಖವಾಗಿ ಬರೆದು ಕೊಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ದಕ್ಷಿಣ ಕನ್ನಡ, ಮಂಡ್ಯ, ಚಾಮರಾಜನಗರ, ರಾಯಚೂರು, ಯಾದಗಿರಿ ಜಿಲ್ಲೆಗಳನ್ನು ಆರಿಸಿಕೊಂಡು, ಜಿಲ್ಲೆಗೊಂದರಂತೆ ಒಟ್ಟು ಸಾಕ್ಷರತೆಯ ಸ್ತಂಭವನ್ನು ನಿಲ್ಲಿಸಿದೆ. ಚಾಮರಾಜನಗರದ್ದು ಶೇ 61.43, ರಾಯಚೂರಿನದು ಶೇ 59.56, ಹಾಳೆಯ ಮೇಲೆ ಎರಡೂ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿದ್ದವು.

ಪುರುಷರನ್ನೂ ಮಹಿಳೆಯರನ್ನೂ ಬೇರ್ಪಡಿಸಿ, ಪ್ರತಿ ಜಿಲ್ಲೆಯ ಎದುರು ಜೋಡಿ ಸ್ತಂಭ ಹಾಕಿದಾಗ ಆ ಸಮಾನತೆ ಉಳಿಯಲಿಲ್ಲ. ಚಾಮರಾಜನಗರದಲ್ಲಿ ಪುರುಷರು ಶೇ 67.93, ಮಹಿಳೆಯರು ಶೇ 54.92, ರಾಯಚೂರಿನಲ್ಲಿ ಶೇ 70.47 ಮತ್ತು ಶೇ 48.73. ರಾಯಚೂರಿನ ಗಂಡಸರು ಚಾಮರಾಜನಗರದ ಗಂಡಸರಿಗಿಂತ ಮುಂದಿದ್ದಾರೆ, ಆದರೆ ಅಲ್ಲಿನ ಹೆಂಗಸರು ಆರು ಅಂಶಗಳಷ್ಟು ಹಿಂದಿದ್ದಾರೆ ಎಂಬುದನ್ನು ಒಟ್ಟು ಅಂಕಿ ಪೂರ್ತಿಯಾಗಿ ಮುಚ್ಚಿಟ್ಟಿತ್ತು. ಎಷ್ಟೋ ವರ್ಷ ಇದೇ ಪಾಠ ಮಾಡಿದ ನನಗೆ ಅದು ಅಂದು ಮೊದಲ ಬಾರಿ ಕಣ್ಣಿಗೆ ಬಿತ್ತು.

ಆ ಹುರುಪಿನಲ್ಲಿ ಲಿಂಗಾನುಪಾತವನ್ನೂ, ಅಂದರೆ ಸಾವಿರ ಪುರುಷರಿಗೆ ಎಷ್ಟು ಮಹಿಳೆಯರು ಎಂಬುದನ್ನೂ, ಮೂರನೆಯ ಸ್ತಂಭವಾಗಿ ಸೇರಿಸಿದೆ. ಸಾವಿರದ ಆಸುಪಾಸಿನ ಅಂಕಿಯ ಪಕ್ಕದಲ್ಲಿ ಶೇಕಡಾವಾರು ಸ್ತಂಭಗಳು ನೆಲಕ್ಕೆ ಅಂಟಿಕೊಂಡವು. ಅಳತೆಯ ಮಾನವೇ ಬೇರೆಯಾದದ್ದಕ್ಕೆ ಬೇರೆ ಹಾಳೆಯೇ ಬೇಕೆಂದು ಅದನ್ನು ತೆಗೆದೆ. ಆಮೇಲೆ ಮಾಡಿದ ತಪ್ಪು ಇದಕ್ಕಿಂತ ದೊಡ್ಡದು. ವ್ಯತ್ಯಾಸ ಎದ್ದು ಕಾಣಲೆಂದು ಲಂಬ ಅಕ್ಷವನ್ನು ಸೊನ್ನೆಯ ಬದಲು 40ರಿಂದ ಆರಂಭಿಸಿದ್ದೆ. ಯಾದಗಿರಿಯವರೇ ಆದ ಸಹೋದ್ಯೋಗಿಯೊಬ್ಬರು ಹಾಳೆಯನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿ, "ಮೇಡಂ, ನಮ್ಮ ಕಡೆ ಹೆಣ್ಮಕ್ಕಳು ಯಾರೂ ಸಾಲಿನೇ ಕಲ್ತಿಲ್ಲ ಅನ್ನೋಹಂಗ ಕಾಣಸ್ತದಲ್ರೀ" ಎಂದರು. ಯಾದಗಿರಿಯ ಮಹಿಳೆಯರ ಸಾಕ್ಷರತೆ ಶೇ 41.38, ಪುರುಷರದು ಶೇ 62.25. ಪುರುಷರ ಸ್ತಂಭದ ಮೂರರಲ್ಲಿ ಎರಡು ಪಾಲು ಎತ್ತರ ಇರಬೇಕಾದ ಮಹಿಳೆಯರ ಸ್ತಂಭ ನನ್ನ ಹಾಳೆಯಲ್ಲಿ ಹದಿನಾರರಲ್ಲಿ ಒಂದು ಪಾಲಿಗೆ ಕುಗ್ಗಿ ಬರಿಯ ಗೆರೆಯಂತೆ ಉಳಿದಿತ್ತು. ಅವರಲ್ಲಿ ಕ್ಷಮೆ ಕೇಳಿ, ಅಲ್ಲೇ ಕುಳಿತು ಅಕ್ಷವನ್ನು ಸೊನ್ನೆಗೆ ಇಳಿಸಿದೆ.

ಪುರುಷರ ಐದು ಸ್ತಂಭಗಳನ್ನು ಒಂದೆಡೆ, ಮಹಿಳೆಯರ ಐದನ್ನು ಇನ್ನೊಂದೆಡೆ ಜೋಡಿಸಿಯೂ ನೋಡಿದೆ. ಆಗ ಕಣ್ಣು ಜಿಲ್ಲೆ ಜಿಲ್ಲೆಗಳನ್ನು ಹೋಲಿಸತೊಡಗುತ್ತದೆ. ಒಂದೇ ಊರಿನ ಅಣ್ಣ ತಂಗಿಯರ ನಡುವಿನ ಅಂತರ ಹಿಂದೆ ಸರಿಯುತ್ತದೆ. ನಾನು ತೋರಿಸಬೇಕೆಂದಿದ್ದುದು ಆ ಅಂತರವನ್ನೇ ಆದ್ದರಿಂದ ಜಿಲ್ಲೆವಾರು ಜೋಡಿಗಳನ್ನೇ ಉಳಿಸಿಕೊಂಡೆ.

ಮರುದಿನ ಜೆರಾಕ್ಸ್ ಅಂಗಡಿಯಲ್ಲಿ ನೀಲಿ, ಕೆಂಪು ಎರಡೂ ಒಂದೇ ಬೂದು ಬಣ್ಣವಾಗಿ ಹೊರಬಂದವು. ಮನೆಗೆ ಮರಳಿ, ಮಹಿಳೆಯರ ಸ್ತಂಭಗಳಿಗೆ ಓರೆಗೆರೆ ತುಂಬಿ, ಪ್ರತಿಯೊಂದರ ನೆತ್ತಿಯ ಮೇಲೂ ಅಂಕಿ ಬರೆದು, ಅರವತ್ತು ಪ್ರತಿಗಳನ್ನು ಹೊಸದಾಗಿ ತೆಗೆಸಿದೆ.