ಅಜ್ಜಿ ಪಾಠ ಮಾಡಿದರು
ಹಾಸನ, 18 ಜುಲೈ 2024, ಗುರುವಾರ

ಬೆಳಗ್ಗೆಯಿಂದ ಬಿಟ್ಟೂಬಿಡದೆ ಮಳೆ. ಪಾಠಕ್ಕೆ ಕರೆಸಿದ್ದ ಸಕ್ಕರೆ ಕಾಯಿಲೆಯ ಅಜ್ಜಿ ಬರೋದು ಅನುಮಾನ ಅಂದುಕೊಂಡಿದ್ದೆ. ಹತ್ತಕ್ಕೆ ಸರಿಯಾಗಿ ಆಲೂರು ಕಡೆಯ ಬಸ್ಸಿಳಿದು, ಮೊಮ್ಮಗನ ಕೊಡೆ ಹಿಡಿದು ಬಂದೇ ಬಿಟ್ಟರು.

ಎರಡನೇ ವರ್ಷದ ನರ್ಸಿಂಗ್ ಮಕ್ಕಳಿಗೆ ಇವತ್ತು ಇನ್ಸುಲಿನ್ ಪಾಠ. ವರ್ಷಗಟ್ಟಲೆಯಿಂದ ಸೂಜಿ ಚುಚ್ಚಿಕೊಳ್ಳುತ್ತಿರುವವರೇ ಹೇಳಲಿ ಅಂತ ಕರೆಸಿದ್ದೆ. ವಾರ್ಡಿನಲ್ಲಿ ನಾವು ಮಾಡೋದು ಗೊತ್ತಲ್ಲ, ಹತ್ತು ಜನ ಮಂಚದ ಸುತ್ತ ನಿಂತು, ಹೊದಿಕೆ ಎತ್ತಿ, "ಡಯಾಬಿಟಿಕ್ ಫೂಟ್, ನೋಡಿಕೊಳ್ಳಿ" ಅನ್ನೋದು, ಅಂದರೆ ಸಕ್ಕರೆ ಕಾಯಿಲೆಯಿಂದ ಕೆಟ್ಟ ಕಾಲು. ಆ ಕಾಲಿನ ಯಜಮಾನರನ್ನು ಒಂದು ಮಾತು ಕೇಳೋದಿಲ್ಲ. ನಾನೂ ಹಾಗೇ ಕಲಿತವಳು, ಎಷ್ಟೋ ವರ್ಷ ಹಾಗೇ ಕಲಿಸಿದೆ.

ಅಜ್ಜಿಗೆ ಓದು ಬರೋದಿಲ್ಲ. ಸಿರಿಂಜಿನ ಗುರುತು ಮುಚ್ಚಳದ ಬಣ್ಣ. "ನಂದು ಕೆಂಪು ಮುಚ್ಚಳ ಕಣ್ ಮಗಾ. ಒಂದ್ಸಲ ಅಂಗಡಿಯೋನು ಕಿತ್ತಳೆ ಮುಚ್ಚಳದ್ದು ಕೊಟ್ಟ, ಯಾವುದಾದ್ರೂ ಒಂದೇ ಅಂದ. ವಾರಕ್ಕೆ ಸಕ್ಕರೆ ಏರಿ ತಲೆ ಗಿರ್ ಅಂತಿತ್ತು."

ಲೆಕ್ಕ ಮಾಡಿ ಅಂತ ಮಕ್ಕಳಿಗೆ ಅಂದೆ. ಅಜ್ಜಿಯ ಬಾಟಲಿಯಲ್ಲಿರೋದು 1 ಎಂ.ಎಲ್‌ಗೆ 40 ಯೂನಿಟ್ ಇನ್ಸುಲಿನ್, ಕಿತ್ತಳೆ ಸಿರಿಂಜ್ ಇರೋದು 1 ಎಂ.ಎಲ್‌ಗೆ 100 ಯೂನಿಟ್ ಇರೋ ಬಾಟಲಿಗೆ. ಅದರಲ್ಲಿ 20 ಯೂನಿಟ್ ಅಂತ 20ರ ಗೆರೆವರೆಗೆ ಎಳೆದರೆ ಒಳಗೆ ಹೋಗೋದು ಬರೀ 8 ಯೂನಿಟ್. ಈ ಲೆಕ್ಕ ಪರೀಕ್ಷೆಗೆ ಅಂತ ಬಾಯಿಪಾಠ ಮಾಡಿದ ಹುಡುಗಿಯರೇ ಬೋರ್ಡ್ ಮುಂದೆ ಸುಮ್ನೆ ನಿಂತರು.

ಫ್ರಿಜ್ ಇಲ್ಲದ ಮನೆ, ಬಾಟಲಿಯನ್ನು ಒದ್ದೆ ಮರಳು ಹಾಕಿದ ಮಡಕೆಯಲ್ಲಿಡುತ್ತಾರಂತೆ. ಆಮೇಲೆ ಒಬ್ಬ ಹುಡುಗ, ಚುಚ್ಚಿಕೊಂಡು ಅರ್ಧ ಗಂಟೆಗೆ ಊಟ ಮಾಡ್ತೀರಾ ಅಜ್ಜಿ ಅಂತ ಕೇಳಿದ. ಅಜ್ಜಿ ನಕ್ಕುಬಿಟ್ಟರು. "ಸೊಸೆ ತೋಟದ ಕೂಲಿಯಿಂದ ಬಂದು ಒಲೆ ಹಚ್ಚಬೇಕು. ಮುದ್ದೆ ಬೇಯೋದು ಯಾವಾಗ್ಲೋ. ಅಷ್ಟರಲ್ಲಿ ಮೈ ಬೆವರಿ ಕೈ ನಡುಗ್ತದೆ. ನೀವು ಟೈಮ್ ಹೇಳ್ತೀರ, ನಮ್ಮನೆ ಒಲೆ ಯಾವಾಗ ಹೊತ್ತುತ್ತೆ ಅಂತ ಕೇಳಲ್ಲ."

ಮುದ್ದೆ ತಟ್ಟೆಗೆ ಬಂದ ಮೇಲೇ ಸೂಜಿ ಅಂತ ಅವರೇ ಮಾಡಿಕೊಂಡಿದ್ದಾರೆ. ಪುಸ್ತಕದ ಪ್ರಕಾರ ಪೂರ್ತಿ ಸರಿಯಲ್ಲ, ಆದರೆ ಸಕ್ಕರೆ ಇಳಿದು ಬೀಳೋದಕ್ಕಿಂತ ವಾಸಿ ಅಲ್ವಾ? ಡಾಕ್ಟರ ಹತ್ತಿರ ಈ ವಿಷಯ ಹೇಳಿದ್ದೀರಾ ಅಂದರೆ, ಅವರು ಕೇಳಲೇ ಇಲ್ವಲ್ಲ ಅಂದರು.

ಬ್ರಿಟನ್ನಿನ ನರ್ಸಿಂಗ್ ಮಂಡಳಿ 2010ರಲ್ಲೇ, ನರ್ಸ್‌ಗಳ ತರಬೇತಿಯಲ್ಲಿ ರೋಗಿಗಳೂ ಅವರನ್ನು ನೋಡಿಕೊಳ್ಳುವವರೂ ಪಾಲ್ಗೊಳ್ಳಬೇಕು ಅಂತ ನಿಯಮ ಮಾಡಿತು. ನಮ್ಮಲ್ಲಿ ಅಜ್ಜಿಯ ಬಸ್ ಚಾರ್ಜು ಯಾವ ಖಾತೆಗೆ ಬರೆಯೋದು ಅಂತ ಆಫೀಸಿನಲ್ಲಿ ಅರ್ಧ ಗಂಟೆ ಚರ್ಚೆ. ಕೊನೆಗೆ ನನ್ನ ಪರ್ಸಿನಿಂದಲೇ ಕೊಟ್ಟೆ.

ಹೊರಡುವಾಗ ಅಜ್ಜಿ, "ಮುಂದಿನ ಸಲ ಸೊಸೇನೂ ಕರೀರಿ ಮೇಡಂ, ಅವಳಿಗೂ ಹೇಳೋದು ಭಾಳ ಐತೆ" ಅಂದರು. ಆ ದಿನದ ಕೂಲಿ ಯಾರು ಕಟ್ಟಿಕೊಡ್ತಾರೆ ಅಂತಲೂ ಕೇಳಿದರು.