ದುಬೈಗೆ ಹೊರಟಿದ್ದೀರಾ? ಶಾರ್ಜಾದಲ್ಲಿ ರೂಮ್ ಮಾಡಬೇಡಿ

ದುಬೈನ ದೇರಾದಲ್ಲಿ ಹೇಳಿದ ಬಾಡಿಗೆಯ ಅರ್ಧಕ್ಕೇ ಶಾರ್ಜಾದಲ್ಲಿ ರೂಮ್ ಸಿಕ್ಕಿತು. ಮ್ಯಾಪಿನಲ್ಲಿ ನೋಡಿದರೆ ಎರಡೂ ಊರು ಅಂಟಿಕೊಂಡೇ ಇವೆ. ಯಲಹಂಕದಿಂದ ಮೆಜೆಸ್ಟಿಕ್‌ಗೆ ಹೋದಷ್ಟು ದೂರ, ಅಷ್ಟೇ ಅಲ್ವಾ ಅಂದುಕೊಂಡೆ. ಉಳಿಸಿದ ದುಡ್ಡಿನ ಲೆಕ್ಕ ಹೇಳಿ ಹೆಂಡತಿಯ ಹತ್ತಿರ ಶಭಾಷ್ ಅನ್ನಿಸಿಕೊಂಡೂ ಆಗಿತ್ತು.

ಮರುದಿನ ಬೆಳಗ್ಗೆ ಏಳಕ್ಕೇ ಶಾರ್ಜಾ ಬಸ್ ನಿಲ್ದಾಣಕ್ಕೆ ಹೋದೆವು. ಕ್ಯೂ ನೋಡಿ ಯಾವುದೋ ಜಾತ್ರೆ ಇರಬೇಕು ಅನ್ನಿಸಿತು. ಒಂದು ಬಸ್ ತುಂಬಿ ಹೋಯಿತು, ಎರಡನೆಯದೂ ಹೋಯಿತು. ಮೂರನೆಯದರಲ್ಲಿ ಸೀಟು ಸಿಕ್ಕಿತು. ಅಲ್ ಇತ್ತಿಹಾದ್ ರಸ್ತೆಗೆ ಬಂದದ್ದೇ ತಡ, ಬಸ್ಸು ನಿಂತೇ ಬಿಟ್ಟಿತು. ಹತ್ತು ಹೆಜ್ಜೆ ಮುಂದೆ, ಐದು ನಿಮಿಷ ಸುಮ್ನೆ. ಎಡಕ್ಕೂ ಬಲಕ್ಕೂ ಕಾರುಗಳೇ. ಅಮ್ಮನಿಗೆ ಸಕ್ಕರೆ ಕಾಯಿಲೆ, ಅರ್ಧ ದಾರಿಯಲ್ಲಿ ಬಾತ್‌ರೂಮಿಗೆ ಹೋಗಬೇಕು ಅಂದರು. ಎಲ್ಲಿ ಹೋಗುವುದು? ದುಬೈನ ಯೂನಿಯನ್ ನಿಲ್ದಾಣ ತಲುಪುವಾಗ ಒಂಬತ್ತೂವರೆ. ಏಸಿ ಬಸ್ಸಿನಲ್ಲಿ ಕೂತೇ ನಾನು ಬೆವೆತು ಹೋಗಿದ್ದೆ.

ಪಕ್ಕದ ಸೀಟಿನಲ್ಲಿದ್ದವರು ಕುಂದಾಪುರ ಕಡೆಯವರು. ದುಬೈನಲ್ಲಿ ಕೆಲಸ, ಶಾರ್ಜಾದಲ್ಲಿ ಮನೆ. "ಅಲ್ಲಿ ಬಾಡಿಗೆ ಕಟ್ಟಿ ಊರಿಗೆ ದುಡ್ಡು ಕಳ್ಸೂಕೆ ಆತಿಲ್ಲ. ದಿನಾ ಎರಡು ಸಲ ಇದೇ ಕಥೆ. ನೀವು ದುಡ್ಡು ಕೊಟ್ಟು ಇದ್ರಲ್ಲಿ ಬಂದ್ರಿಯಾ?" ಅಂತ ನಕ್ಕರು. ದುಬೈ ಬೆಳೆದ ವೇಗ ಏನು ಅಂತ ನನಗೆ ಗೊತ್ತಾಗಿದ್ದು ಆ ಬಸ್ಸಿನಲ್ಲಿ, ಬುರ್ಜ್ ಖಲೀಫಾದ ಮೇಲೆ ಅಲ್ಲ. 1968ರ ಜನಗಣತಿಯಲ್ಲಿ ದುಬೈನಲ್ಲಿದ್ದವರು ಸುಮಾರು 59 ಸಾವಿರ. ಈಗ 36 ಲಕ್ಷ ದಾಟಿದೆ. ಕಟ್ಟಿದ ಊರಲ್ಲಿ ಜಾಗ ದುಬಾರಿಯಾಗಿ ಪಕ್ಕದ ಊರಿಗೆ ಹೋದವರು ದಿನಾ ಬೆಳಗ್ಗೆ ವಾಪಸ್ ಬರುತ್ತಾರೆ. ಪ್ರವಾಸಿಗರು ಶಾರ್ಜಾದಲ್ಲಿ ಉಳಿದರೆ ಎರಡು ಹೊತ್ತೂ ಅದೇ ಗರ್ದಿಯ ಜೊತೆಗೇ ಓಡಾಡಬೇಕು.

ಎರಡೇ ರಾತ್ರಿಗೆ ರೂಮ್ ಬಿಟ್ಟೆವು. ಉಳಿದ ರಾತ್ರಿಗಳ ದುಡ್ಡು ಹೋಯಿತು. ಮೇಲೆ, ಮುಂಗಡ ಇಟ್ಟಿದ್ದರಲ್ಲಿ ಟವೆಲ್‌ಗೆ ಕಲೆ ಆಗಿದೆ ಅಂತ ನೂರು ದಿರ್ಹಂ ಹಿಡಿದುಕೊಂಡರು. ಹೊಸ ರೂಮಿಗೆ ಹೋದ ತಕ್ಷಣ ಟವೆಲ್, ಬೆಡ್‌ಶೀಟ್ ಫೋಟೋ ತೆಗೆದಿಟ್ಟುಕೊಳ್ಳಿ. ದುಬೈ ಹೋಟೆಲ್‌ಗಳಲ್ಲಿ ಪ್ರತಿ ರಾತ್ರಿಗೆ ಟೂರಿಸಂ ದಿರ್ಹಂ ಅಂತ ಬೇರೆ ಇರುತ್ತೆ. ಹೋಟೆಲ್ ದರ್ಜೆ ನೋಡಿ 7ರಿಂದ 20 ದಿರ್ಹಂ. ಇದು ಮೋಸ ಅಲ್ಲ, ಸರ್ಕಾರದ್ದೇ ಶುಲ್ಕ. ಜಗಳ ಮಾಡಬೇಡಿ, ನಾನು ಮಾಡಿ ಮುಖ ಸಣ್ಣ ಮಾಡಿಕೊಂಡೆ.

ಕಳೆದುಕೊಂಡ ನೋಟಿನ ಬಗ್ಗೆ ಒಂದು ಮಾತು. ಹಳೆಯ ಕಾಗದದ ನೂರು ದಿರ್ಹಂ ನೋಟು ಸಿಕ್ಕರೆ ತಿರುಗಿಸಿ ನೋಡಿ. ಒಂದು ಬದಿಗೆ 1787ರ ಅಲ್ ಫಹೀದಿ ಕೋಟೆ, ಇನ್ನೊಂದು ಬದಿಗೆ 1979ರ ವರ್ಲ್ಡ್ ಟ್ರೇಡ್ ಸೆಂಟರ್. ಈ 39 ಅಂತಸ್ತಿನ ಕಟ್ಟಡ ಎದ್ದಾಗ ಅದರ ಸುತ್ತ ಬರೀ ಮರಳು. ಈಗ ಶೇಖ್ ಝಾಯೆದ್ ರಸ್ತೆಯ ಗೋಪುರಗಳ ನಡುವೆ ಅದನ್ನು ನಾನು ಹುಡುಕಬೇಕಾಯಿತು. ಆ ರಸ್ತೆಯಲ್ಲಿ ಎದುರಿಗೇ ಕಾಣುವ ಕಟ್ಟಡಕ್ಕೆ ನಡೆದು ಹೋಗೋಣ ಅಂದುಕೊಳ್ಳಬೇಡಿ, ದಾಟುವುದಕ್ಕೆ ಆಗಲ್ಲ. ಮೆಟ್ರೋ ನಿಲ್ದಾಣದ ಮೇಲ್ಸೇತುವೆ ಹುಡುಕಿ. ಗೇಟಿನ ಹೊರಗಡೆಯೇ ಇರುವುದರಿಂದ ದಾಟಲು ಟಿಕೆಟ್ ಬೇಡ. ಬುರ್ಜ್ ಖಲೀಫಾ ನಿಲ್ದಾಣದಲ್ಲಿ ಇಳಿದರೆ ಗೋಪುರ ಮೂಗಿನ ಮುಂದೆಯೇ ಇದ್ದ ಹಾಗೆ ಕಾಣುತ್ತೆ. ಆದರೆ ಮಾಲ್‌ವರೆಗೆ 800 ಮೀಟರಿಗೂ ಉದ್ದದ ಸೇತುವೆ, ನಡೆಯಬೇಕು. ಅಮ್ಮ ಎರಡು ಕಡೆ ಕೂತರು.

ಉಳಿಯುವುದಾದರೆ ದೇರಾದ ನಾಯಿಫ್ ಸುತ್ತಮುತ್ತ ಉಳಿಯಿರಿ. ಗಲಾಟೆ ಜಾಸ್ತಿ, ರೂಮು ಚಿಕ್ಕದು. ನನಗೆ ಜನ ಇದ್ದರೆ ಬೇಜಾರಿಲ್ಲ, ಟ್ರಾಫಿಕ್ ಮಾತ್ರ ಆಗಲ್ಲ. ಮೆಟ್ರೋ, ಬಸ್ಸಿಗೆ ಬಳಸುವ ನೋಲ್ ಬೆಳ್ಳಿ ಕಾರ್ಡ್ 25 ದಿರ್ಹಂ, ಅದರಲ್ಲಿ 19 ಓಡಾಟಕ್ಕೆ ಸಿಗುತ್ತೆ. ಮೆಟ್ರೋದಲ್ಲಿ ಹೆಂಗಸರ ಡಬ್ಬಿಗೆ ಗಂಡಸರು ತಪ್ಪಿ ಹತ್ತಿದರೆ ನೂರು ದಿರ್ಹಂ ದಂಡ. ನೆಲದ ಮೇಲಿನ ಗುಲಾಬಿ ಗೆರೆ ನೋಡಿಕೊಳ್ಳಿ.

ಇನ್ನು ಊಟ. ನಾವಿದ್ದ ಬೀದಿಯ ಮೂಲೆಯಲ್ಲಿ ಒಂದು ಕೆಫೆಟೇರಿಯಾ. ಒಳಗೆ ನಾಲ್ಕೇ ಮೇಜು. ಗಲ್ಲಾದಲ್ಲಿದ್ದವರು ಪುತ್ತೂರಿನ ಬ್ಯಾರಿ. ನಾವು ಕನ್ನಡ ಮಾತಾಡಿದ್ದು ಕೇಳಿ "ಬನ್ನಿ ಅಮ್ಮಾ, ಇಲ್ಲಿ ಫ್ಯಾನ್ ಅಡಿ ಕೂತ್ಕೊಳ್ಳಿ" ಅಂದರು. ಪರೋಟ ಬಿಸಿಬಿಸಿ ಬಂತು. ಕೈಯಲ್ಲಿ ಮುಟ್ಟಿದರೆ ಪದರ ಪದರ ಬಿಡಿಸಿಕೊಳ್ಳುತ್ತಿತ್ತು. ಜೊತೆಗೆ ಕಡ್ಲೆ ಗಸಿ, ತೆಂಗಿನಕಾಯಿ ಹುರಿದು ಅರೆದದ್ದು. ಅಮ್ಮ ಮನೆ ಬಿಟ್ಟಮೇಲೆ ಹೊಟ್ಟೆ ತುಂಬ ತಿಂದದ್ದು ಅಲ್ಲೇ. ನನಗೆ ಪರೋಟದೊಳಗೆ ಮೊಟ್ಟೆ, ಚೀಸ್, ಮೇಲೆ ಒಮಾನ್ ಚಿಪ್ಸ್ ಪುಡಿ ಮಾಡಿ ಸುತ್ತಿ ಕೊಟ್ಟರು. ಕೇಳಿದರೆ ವಿಚಿತ್ರ, ತಿಂದರೆ ಬಿಡಲ್ಲ. ಏಲಕ್ಕಿ ಹಾಕಿ ಕುದಿಸಿದ ಕರಕ್ ಚಾ ಬೇರೆ. ಆಮೇಲೆ ಬೆಳಗ್ಗೆ, ರಾತ್ರಿ ಅಲ್ಲೇ.

ಬಿಲ್ ಕೇಳಿದರೆ "ಇಪ್ಪತ್ತಾರು ರೂಪಾಯಿ" ಅಂದರು. ನಾನು ಕುಣಿದೆ. ದಿರ್ಹಂಗೇ ರೂಪಾಯಿ ಅನ್ನುವುದಂತೆ! ಅಲ್ಲಿ 1966ರವರೆಗೂ ಓಡುತ್ತಿದ್ದದ್ದು ರೂಪಾಯಿಯೇ. ಹೆಸರು ಇನ್ನೂ ಬಾಯಲ್ಲಿದೆ. ಅಂಗಡಿಯಲ್ಲಿ ರೂಪಾಯಿ ಅಂದರೆ ಇಪ್ಪತ್ತರ ಮೇಲೆ ಗುಣಿಸಿಕೊಳ್ಳಿ. ಆದರೂ ಮೂವರ ಹೊಟ್ಟೆ ತುಂಬಿದ್ದಕ್ಕೆ ಅಗ್ಗವೇ.

ಮರಳುಗಾಡಿನ ಸಫಾರಿ ಬಗ್ಗೆ ಏನೂ ಬರೆಯಲ್ಲ, ಹೋದೆವು, ವಾಂತಿ ಮಾಡಿಕೊಂಡು ಬಂದೆವು.

ಅಮ್ಮನಿಗೆ ತುಂಬ ಇಷ್ಟವಾದದ್ದು ಅಬ್ರಾ. ಊರ ನಡುವೆ ನುಗ್ಗಿರುವ ಕಡಲ ನೀರಿನ ಕಾಲುವೆ, ಅಂದರೆ ಕ್ರೀಕ್ ದಾಟಿಸುವ ಮರದ ದೋಣಿ, ದೇರಾದಿಂದ ಬರ್ ದುಬೈಗೆ 1 ದಿರ್ಹಂ. ಚಿಲ್ಲರೆ ಇಟ್ಟುಕೊಂಡಿರಿ. ಈ ಕ್ರೀಕ್‌ನ ಹೂಳೆತ್ತಿ ಆಳ ಮಾಡಿದ ಮೇಲೆ ದೊಡ್ಡ ಹಡಗುಗಳು ಒಳಗೆ ಬಂದವು. ಎಣ್ಣೆ ಸಿಕ್ಕಿದ್ದು ಆಮೇಲೆ, 1966ರಲ್ಲಿ. ಈಗಲೂ ದಡದಲ್ಲಿ ಮರದ ಹಡಗುಗಳಿಗೆ ಫ್ರಿಜ್, ಟೈರು ತುಂಬುತ್ತಿರುತ್ತಾರೆ. ಸಂಜೆ ಅಮ್ಮ ಸುಮ್ನೆ ಮೂರು ಸಲ ಆಚೆ ಈಚೆ ಹೋಗಿ ಬಂದರು.

ಕೊನೆಗೊಂದು. ನಿಮ್ಮ ವಿಮಾನ ಯಾವ ಟರ್ಮಿನಲ್ ಅಂತ ಮೊದಲೇ ನೋಡಿಕೊಳ್ಳಿ. 1 ಮತ್ತು 3ಕ್ಕೆ ಮೆಟ್ರೋ ಒಳಗೇ ಬರುತ್ತೆ. 2ಕ್ಕೆ ಇಲ್ಲ. ನಮ್ಮದು 2.